ಹೆಗಲಿನ ರಕ್ತನಾಳಗಳು: ದೇಹಕ್ಕೊಂದು ದಾರಿ

ಶಿವಪೂಜೆಗೆ ಆಯ್ದು ತಂದ ಬಿಲ್ವಪತ್ರೆಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪ್ರತಿ ದಳದ ನಡುವೆ ಒಂದು ದಪ್ಪ ಎಳೆ, ಅದರಿಂದ ಎರಡೂ ಕಡೆಗೆ ಹೊರಟ ಕವಲುಗಳು. ಈ ವ್ಯವಸ್ಥೆ ಎಲ್ಲ ಪತ್ರೆಗಳಲ್ಲಿಯೂ ಒಂದೇ. ಆದರೆ ಕವಲು ಒಡೆಯುವ ಜಾಗ ಒಂದರಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಸುಶ್ರುತಾಚಾರ್ಯರು ಶರೀರದ ಸಿರೆಗಳನ್ನು ವಿವರಿಸುವಾಗ ಎಲೆಯ ಎಳೆಗಳನ್ನೇ ಹೋಲಿಕೆಯಾಗಿ ತಂದಿದ್ದಾರೆ. ತೋಟಕ್ಕೂ ಗದ್ದೆಗೂ ನೀರುಣಿಸುವ ಕಾಲುವೆಗಳ ಹೋಲಿಕೆಯನ್ನೂ ಅಲ್ಲಿಯೇ ಕೊಟ್ಟಿದ್ದಾರೆ. ಕಾಲುವೆಯ ಉದ್ದೇಶ ಒಂದೇ ಆದರೂ ಅದು ಹರಿಯುವ ದಾರಿ ಹೊಲದಿಂದ ಹೊಲಕ್ಕೆ ಬೇರೆಯಾಗುತ್ತದೆ. ಮಾನವನ ಹೆಗಲಿನ ರಕ್ತನಾಳಗಳ ವಿಷಯದಲ್ಲಿಯೂ ಇದೇ ಸತ್ಯ.

ಕಳೆದ ಕೆಲವು ತಿಂಗಳುಗಳಿಂದ ಅನೇಕ ಸದ್ಭಕ್ತರು ಹೆಗಲು ನೋವಿನ ಬಗ್ಗೆ ನಮ್ಮನ್ನು ವಿಚಾರಿಸುತ್ತಿದ್ದಾರೆ. ತೋಳು ಮೇಲೆತ್ತಲು ಆಗದು, ರಾತ್ರಿ ಮಗ್ಗುಲಾದರೆ ನೋವು, ನೆರೆಮನೆಯವರಿಗೆ ಗುಣ ಕೊಟ್ಟ ಮಾಲೀಸು ನಮಗೇಕೆ ಗುಣ ಕೊಡಲಿಲ್ಲ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಇವುಗಳಿಗೆ ಉತ್ತರದ ಒಂದು ಭಾಗ ಹೆಗಲಿನ ರಕ್ತಸಂಚಾರದಲ್ಲಿದೆ. ಅದು ಎಲ್ಲರಲ್ಲಿಯೂ ಒಂದೇ ಬಗೆಯಲ್ಲಿ ಇರುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಹೆಗಲನ್ನು ಹೇಗೆ ನೋಡಿಕೊಳ್ಳಬೇಕು, ಯಾವುದನ್ನು ಮಾಡಬಾರದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಹೆಗಲಿನ ಕಟ್ಟು

ಶರೀರದ ಸಂಧಿಗಳಲ್ಲಿ ಅತಿ ಹೆಚ್ಚು ದಿಕ್ಕುಗಳಿಗೆ ತಿರುಗಬಲ್ಲ ಸಂಧಿ ಹೆಗಲು. ತೋಳೆಲುಬಿನ ದುಂಡನೆಯ ತಲೆಯು ಹೆಗಲೆಲುಬಿನ ಆಳವಿಲ್ಲದ ಒಂದು ಬಟ್ಟಲಿಗೆ ತಾಗಿಕೊಂಡಿರುತ್ತದೆ. ಬಟ್ಟಲು ಚಿಕ್ಕದು, ತಲೆ ದೊಡ್ಡದು. ಆದ್ದರಿಂದ ಈ ಸಂಧಿಯನ್ನು ಹಿಡಿದಿಡುವ ಭಾರವೆಲ್ಲ ಸುತ್ತಲಿನ ಮಾಂಸಪೇಶಿಗಳ ಮೇಲೆ ಬೀಳುತ್ತದೆ. ಆಡುಮಾತಿನಲ್ಲಿ ಮಾಂಸಪೇಶಿಯನ್ನು ಸ್ನಾಯು ಎನ್ನುವುದುಂಟು. ಆದರೆ ಆಯುರ್ವೇದದಲ್ಲಿ ಸ್ನಾಯುವೆಂದರೆ ಕಟ್ಟುವ ತಂತು. ಅದಕ್ಕಾಗಿ ಇಲ್ಲಿ ಪೇಶಿ ಎಂಬ ಪದವನ್ನೇ ಬಳಸುತ್ತೇವೆ.

ಈ ಪೇಶಿಗಳಲ್ಲಿ ನಾಲ್ಕು ಮುಖ್ಯವಾದವು. ಹೆಗಲೆಲುಬಿನ ಏಣಿಗೆ ಮೇಲೆ ಇರುವ ಸುಪ್ರಾಸ್ಪೈನೇಟಸ್, ಕೆಳಗಿರುವ ಇನ್‌ಫ್ರಾಸ್ಪೈನೇಟಸ್, ಅದರ ಕೆಳಗಿನ ಟೆರಿಸ್ ಮೈನರ್ ಮತ್ತು ಹೆಗಲೆಲುಬಿನ ಒಳಮುಖವನ್ನು ಹೊದ್ದಿರುವ ಸಬ್‌ಸ್ಕ್ಯಾಪುಲಾರಿಸ್. ಇವುಗಳ ತುದಿಯಲ್ಲಿ ಪೇಶಿಯನ್ನು ಎಲುಬಿಗೆ ಬಿಗಿಯುವ ಬಿಳಿಯ ಗಟ್ಟಿ ಹುರಿಗಳಿವೆ. ಇವನ್ನು ಕಂಡರಗಳೆನ್ನುತ್ತಾರೆ. ನಾಲ್ಕೂ ಕಂಡರಗಳು ಕೂಡಿ ತೋಳೆಲುಬಿನ ತಲೆಯನ್ನು ಅಂಗಿಯ ತೋಳಿನ ಪಟ್ಟಿಯಂತೆ ಬಳಸಿ ಹಿಡಿಯುತ್ತವೆ. ಇದನ್ನೇ ರೊಟೇಟರ್ ಕಫ್ ಎನ್ನುವುದು. ಇದರ ಮೇಲೆ ಹೊದಿಕೆಯಾಗಿ ಭುಜಕ್ಕೆ ದುಂಡಾದ ಆಕಾರ ಕೊಡುವ ದಪ್ಪ ಪೇಶಿಯೇ ಡೆಲ್ಟಾಯ್ಡ್.

ರಕ್ತ ಬರುವ ದಾರಿ

ಹೃದಯದಿಂದ ಹೊರಟ ಶುದ್ಧ ರಕ್ತವು ಕೊರಳೆಲುಬಿನ ಕೆಳಗೆ ಹಾಯುವ ಒಂದು ದೊಡ್ಡ ಅಪಧಮನಿಯ ಮೂಲಕ ತೋಳಿಗೆ ಇಳಿಯುತ್ತದೆ. ಮೊದಲ ಪಕ್ಕೆಲುಬನ್ನು ದಾಟಿದ ಮೇಲೆ ಅದೇ ನಾಳಕ್ಕೆ ಕಂಕುಳ ಅಪಧಮನಿ ಎಂದು ಹೆಸರು. ಗಮನಿಸಬೇಕಾದ ಸಂಗತಿಯೆಂದರೆ, ಇದರ ಆರಂಭವೇ ಎಡಬಲಗಳಲ್ಲಿ ಒಂದೇ ಆಗಿಲ್ಲ. ಎಡಗಡೆಯ ನಾಳವು ಮಹಾಧಮನಿಯ ಕಮಾನಿನಿಂದ ನೇರವಾಗಿ ಹುಟ್ಟಿದರೆ, ಬಲಗಡೆಯದು ತಲೆಯ ಬಲಭಾಗಕ್ಕೆ ಹೋಗುವ ನಾಳದೊಡನೆ ಒಂದೇ ಕಾಂಡದಿಂದ ಹುಟ್ಟಿ ಬಳಿಕ ಬೇರೆಯಾಗುತ್ತದೆ. ಇದು ದೋಷವಲ್ಲ, ಸಹಜ ರಚನೆ.

ಈ ದೊಡ್ಡ ನಾಳದಿಂದ ಹೆಗಲಿನ ಪೇಶಿಗಳಿಗೆ ಹಲವು ಕವಲುಗಳು ಒಡೆಯುತ್ತವೆ. ಕತ್ತಿನ ಬುಡದಿಂದ ಬರುವ ಸುಪ್ರಾಸ್ಕ್ಯಾಪುಲರ್ ಎಂಬ ಕವಲು ಹೆಗಲೆಲುಬಿನ ಮೇಲಂಚನ್ನು ದಾಟಿ ಹಿಂಬದಿಯ ಎರಡು ಪೇಶಿಗಳಿಗೆ ರಕ್ತವುಣಿಸುತ್ತದೆ. ಕಂಕುಳಲ್ಲಿ ಹುಟ್ಟುವ ಎರಡು ಕವಲುಗಳು ತೋಳೆಲುಬಿನ ಕೊರಳನ್ನು ಮುಂದಿನಿಂದಲೂ ಹಿಂದಿನಿಂದಲೂ ಬಳಸುತ್ತವೆ. ಇವೇ ಮುಂಬಳಸು ಮತ್ತು ಹಿಂಬಳಸು ನಾಳಗಳೆಂದು ಇಲ್ಲಿ ಕರೆಯೋಣ. ಹಿಂಬಳಸು ನಾಳವು ಡೆಲ್ಟಾಯ್ಡ್ ಮತ್ತು ಟೆರಿಸ್ ಮೈನರ್ ಪೇಶಿಗಳ ಮುಖ್ಯ ಆಧಾರ. ಸಬ್‌ಸ್ಕ್ಯಾಪುಲರ್ ಎಂಬ ದಪ್ಪ ಕವಲು ಹೆಗಲೆಲುಬಿನ ಹೊರಅಂಚಿಗೆ ಇಳಿಯುತ್ತದೆ. ಥೊರಾಕೊಅಕ್ರೋಮಿಯಲ್ ಎಂಬ ಇನ್ನೊಂದು ಕವಲು ಎದೆಯ ಮುಂಭಾಗದಿಂದ ಹೆಗಲಿನ ನೆತ್ತಿಗೆ ಏರುತ್ತದೆ.

ಪಠ್ಯಪುಸ್ತಕದ ಚಿತ್ರದಲ್ಲಿ ಕಾಣುವುದು ಇಷ್ಟು. ನಾವು ಬಿ.ಎ.ಎಂ.ಎಸ್. ವ್ಯಾಸಂಗದಲ್ಲಿ ಶರೀರ ರಚನೆಯನ್ನು ಕಲಿಯುವಾಗ ಪುಸ್ತಕವನ್ನು ಪಕ್ಕದಲ್ಲಿರಿಸಿಕೊಂಡು ಕಂಕುಳ ನಾಳಗಳನ್ನು ಬಿಡಿಸಿ ನೋಡುತ್ತಿದ್ದೆವು. ಚಿತ್ರಕ್ಕೆ ಅಕ್ಷರಶಃ ಹೊಂದುವ ಕಂಕುಳು ಅಪರೂಪವೆಂಬುದು ಅಲ್ಲಿಯೇ ನಮಗೆ ತಿಳಿದುಬಂತು.

ದಾರಿ ಬದಲಾಗುವ ಬಗೆ

ಹಿಂಬಳಸು ನಾಳವನ್ನೇ ತೆಗೆದುಕೊಳ್ಳೋಣ. ಬಹುಮಂದಿಯಲ್ಲಿ ಅದು ಕಂಕುಳ ಅಪಧಮನಿಯ ಕೊನೆಯ ಭಾಗದಿಂದ ಸ್ವತಂತ್ರವಾಗಿ ಹುಟ್ಟುತ್ತದೆ. ಕೆಲವರಲ್ಲಿ ಮುಂಬಳಸು ನಾಳದೊಡನೆ ಒಂದೇ ಬುಡದಿಂದ ಬರುತ್ತದೆ. ಇನ್ನು ಕೆಲವರಲ್ಲಿ ಸಬ್‌ಸ್ಕ್ಯಾಪುಲರ್ ನಾಳದ ಕವಲಾಗಿರುತ್ತದೆ. ಮತ್ತೆ ಕೆಲವರಲ್ಲಿ ತೋಳಿನ ಆಳದ ನಾಳದಿಂದ ಹುಟ್ಟಿ ಕೆಳಗಿನಿಂದ ಮೇಲಕ್ಕೆ ಏರಿ ಬರುತ್ತದೆ. ಸೇರುವ ಊರು ಒಂದೇ, ಹೊರಟ ಊರು ಮಾತ್ರ ಬೇರೆ.

ಸುಪ್ರಾಸ್ಕ್ಯಾಪುಲರ್ ನಾಳದ ಸಂಗತಿ ಇನ್ನೊಂದು ಬಗೆಯದು. ಹೆಗಲೆಲುಬಿನ ಮೇಲಂಚಿನಲ್ಲಿ ಒಂದು ಚಿಕ್ಕ ಕಚ್ಚು ಇದೆ. ಅದರ ಮೇಲೆ ಸೇತುವೆಯಂತೆ ಒಂದು ತಂತು ಹಾದಿದೆ. ಸಾಮಾನ್ಯವಾಗಿ ರಕ್ತನಾಳವು ಸೇತುವೆಯ ಮೇಲೆಯೂ ಅದೇ ಹೆಸರಿನ ನರವು ಕೆಳಗೂ ಸಾಗುತ್ತವೆ. ಸೇತುವೆಯ ಮೇಲೆ ಸೈನ್ಯ, ಕೆಳಗೆ ನೌಕೆ ಎಂದು ವೈದ್ಯ ವಿದ್ಯಾರ್ಥಿಗಳು ಇದನ್ನು ನೆನಪಿಡುತ್ತಾರೆ. ಆದರೆ ಕೆಲವರಲ್ಲಿ ನಾಳವೂ ನರದ ಜೊತೆಗೇ ಸೇತುವೆಯ ಕೆಳಗೆ ನುಸುಳುತ್ತದೆ. ಆ ಇಕ್ಕಟ್ಟಿನಲ್ಲಿ ನರಕ್ಕೆ ಒತ್ತಡ ಬೀಳುವ ಸಂಭವವುಂಟು. ಆ ಜಾಗದಲ್ಲಿ ಶಸ್ತ್ರಚಿಕಿತ್ಸೆ ಮಾಡುವವರಿಗೆ ಇದು ಮೊದಲೇ ತಿಳಿದಿರಬೇಕಾದ ವಿಷಯ.

ರೊಟೇಟರ್ ಕಫ್‌ನ ಕಂಡರಗಳಿಗೆ ಬರುವ ನಾಳಗಳನ್ನು ರೋಥ್‌ಮನ್ ಮತ್ತು ಪಾರ್ಕ್ ಎಂಬ ವಿದ್ವಾಂಸರು ಎಣಿಸಿ ನೋಡಿ 1965ರಲ್ಲಿ ಪ್ರಕಟಿಸಿದರು. ಒಟ್ಟು ಆರು ನಾಳಗಳು ಈ ಭಾಗಕ್ಕೆ ರಕ್ತ ಒದಗಿಸುವುದನ್ನು ಅವರು ಗುರುತಿಸಿದರು. ಸುಪ್ರಾಸ್ಕ್ಯಾಪುಲರ್, ಮುಂಬಳಸು, ಹಿಂಬಳಸು ಈ ಮೂರು ನಾಳಗಳು ಪರೀಕ್ಷಿಸಿದ ಎಲ್ಲ ಹೆಗಲುಗಳಲ್ಲಿಯೂ ಇದ್ದವು. ಆದರೆ ಥೊರಾಕೊಅಕ್ರೋಮಿಯಲ್ ನಾಳದ ನೆರವು ಶೇ. 76ರಷ್ಟು ಹೆಗಲುಗಳಲ್ಲಿ, ಸುಪ್ರಾಹ್ಯೂಮರಲ್ ನಾಳದ್ದು ಶೇ. 59ರಷ್ಟರಲ್ಲಿ, ಸಬ್‌ಸ್ಕ್ಯಾಪುಲರ್ ನಾಳದ್ದು ಶೇ. 38ರಷ್ಟರಲ್ಲಿ ಮಾತ್ರ ಕಂಡುಬಂತು. ಎಂದರೆ ಒಬ್ಬರ ಹೆಗಲಿಗೆ ಆರು ಕಾಲುವೆಗಳ ನೀರು ದೊರೆತರೆ ಇನ್ನೊಬ್ಬರದಕ್ಕೆ ಮೂರು ನಾಲ್ಕೇ ದೊರೆಯಬಹುದು. ಇಬ್ಬರೂ ಆರೋಗ್ಯವಂತರೇ. ಆದರೆ ವಯಸ್ಸು, ಮಧುಮೇಹ, ಬೀಡಿ ಸಿಗರೇಟು ಮೊದಲಾದವುಗಳಿಂದ ನಾಳಗಳು ಸಂಕುಚಿತವಾದಾಗ ಇಬ್ಬರ ಸ್ಥಿತಿ ಒಂದೇ ಆಗಿರಬೇಕೆಂದಿಲ್ಲ.

ಈ ಭೇದ ಹುಟ್ಟುವುದು ಎಲ್ಲಿ?

ತಾಯಿಯ ಗರ್ಭದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ತೋಳಿನ ಮೊಳಕೆ ಕಾಣಿಸಿಕೊಳ್ಳುತ್ತದೆ. ಆಗ ಅದರೊಳಗೆ ಹೆಸರಿಡಬಹುದಾದ ನಾಳಗಳು ಇರುವುದಿಲ್ಲ. ಬಲೆಯಂತೆ ಹೆಣೆದುಕೊಂಡ ಕೂದಲೆಳೆಯಷ್ಟು ಸೂಕ್ಷ್ಮವಾದ ನಾಳಗಳಷ್ಟೇ ಇರುತ್ತವೆ. ಮೊಳಕೆ ಬೆಳೆದಂತೆ ಹೆಚ್ಚು ರಕ್ತ ಹರಿದ ಎಳೆಗಳು ದಪ್ಪವಾಗಿ ಉಳಿಯುತ್ತವೆ, ಉಳಿದವು ಬತ್ತಿ ಹೋಗುತ್ತವೆ. ಮೊದಲ ಮಳೆಗೆ ಹೊಲದಲ್ಲಿ ನೂರಾರು ಸಣ್ಣ ಹರಿವುಗಳಿದ್ದು ಕೊನೆಗೆ ನಾಲ್ಕಾರು ಹಳ್ಳಗಳಾಗಿ ನಿಲ್ಲುವಂತೆ. ಯಾವ ಎಳೆ ಉಳಿಯಿತು, ಯಾವುದು ಬತ್ತಿತು ಎಂಬುದು ದೇಹದಿಂದ ದೇಹಕ್ಕೆ ಬದಲಾಗುತ್ತದೆ. ಒಂದೇ ದೇಹದ ಎಡ ಹೆಗಲಿಗೂ ಬಲ ಹೆಗಲಿಗೂ ಬದಲಾಗಬಹುದು. ಆದುದರಿಂದ ಸ್ಕ್ಯಾನಿಂಗ್ ವರದಿಯಲ್ಲಿ ನಾಳದ ಹುಟ್ಟು ಭಿನ್ನವಾಗಿದೆ ಎಂದು ಬರೆದಿದ್ದರೆ ಅದನ್ನು ಕಂಡು ಹೆದರಬೇಕಾಗಿಲ್ಲ. ಭೇದವೇ ರೋಗವಲ್ಲ.

ಪ್ರಕೃತಿಯು ಇನ್ನೊಂದು ಏರ್ಪಾಟನ್ನೂ ಮಾಡಿದೆ. ಹೆಗಲೆಲುಬಿನ ಸುತ್ತ ಮೇಲಿನಿಂದ, ಒಳಅಂಚಿನಿಂದ, ಹೊರಅಂಚಿನಿಂದ ಬರುವ ನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ. ಕಂಕುಳ ಕಡೆಗೆ ಹೋಗುವ ಮುಖ್ಯ ನಾಳವು ವರ್ಷಾನುಗಟ್ಟಲೆ ನಿಧಾನವಾಗಿ ಮುಚ್ಚುತ್ತ ಬಂದರೆ ರಕ್ತವು ಈ ಬಳಸುದಾರಿಯಿಂದ ಸಾಗಿ ತೋಳನ್ನು ಉಳಿಸುತ್ತದೆ. ಆದರೆ ಪೆಟ್ಟಿನಿಂದ ನಾಳವು ಹಠಾತ್ತಾಗಿ ಹರಿದರೆ ಬಳಸುದಾರಿಗೆ ಅಗಲವಾಗಲು ಸಮಯ ಸಾಲದು. ಈ ದಾರಿ ಎಷ್ಟು ದೊಡ್ಡದೆಂಬುದೂ ಎಲ್ಲರಲ್ಲಿ ಒಂದೇ ಅಲ್ಲ.

ಬೇಗ ಸವೆಯುವ ಜಾಗ

ಸುಪ್ರಾಸ್ಪೈನೇಟಸ್ ಕಂಡರವು ಎಲುಬಿಗೆ ಸೇರುವ ತುದಿಗೆ ಸುಮಾರು ಒಂದು ಸೆಂಟಿಮೀಟರ್ ಮೊದಲು ಒಂದು ಜಾಗವಿದೆ. ಹೆಗಲಿನ ಕಂಡರಗಳು ಹರಿಯುವುದು ಹೆಚ್ಚಾಗಿ ಇಲ್ಲಿಯೇ. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಕಾಡ್‌ಮನ್ ಅವರು ಹೆಗಲನ್ನೇ ಕುರಿತು 1934ರಲ್ಲಿ ಹೊರತಂದ ಗ್ರಂಥದಲ್ಲಿ ಈ ಜಾಗವನ್ನು ಎತ್ತಿ ತೋರಿಸಿದರು. 1970ರಲ್ಲಿ ರಾತ್‌ಬನ್ ಮತ್ತು ಮ್ಯಾಕ್‌ನ್ಯಾಬ್ ಎಂಬವರು ಮೃತದೇಹಗಳ ನಾಳಗಳಿಗೆ ದ್ರವವನ್ನು ತುಂಬಿಸಿ ಪರೀಕ್ಷಿಸಿದರು. ತೋಳು ಮೈಗೆ ಅಂಟಿಕೊಂಡು ಇಳಿಬಿದ್ದಿದ್ದಾಗ ಈ ಜಾಗದ ಸೂಕ್ಷ್ಮನಾಳಗಳಿಗೆ ದ್ರವವು ತುಂಬಲಿಲ್ಲ. ತೋಳನ್ನು ಮೈಯಿಂದ ದೂರಕ್ಕೆ ಸರಿಸಿದಾಗ ತುಂಬಿತು. ತೋಳು ಇಳಿಬಿದ್ದಾಗ ಕಂಡರವು ಎಲುಬಿನ ತಲೆಯ ಮೇಲೆ ಬಿಗಿಯಾಗಿ ಎಳೆಯಲ್ಪಟ್ಟು, ಒದ್ದೆ ಬಟ್ಟೆಯನ್ನು ಹಿಂಡಿದಂತೆ ನಾಳಗಳು ಬರಿದಾಗುತ್ತವೆ ಎಂದು ಅವರು ವಿವರಿಸಿದರು. ಬಳಿಕ ಜೀವಂತರಲ್ಲಿ ರಕ್ತದ ಹರಿವನ್ನು ಅಳೆದು ನೋಡಿದವರು ಈ ಜಾಗದಲ್ಲಿಯೂ ಹರಿವು ಇರುವುದನ್ನು ಕಂಡಿದ್ದಾರೆ. ಆದುದರಿಂದ ಇದನ್ನು ರಕ್ತವೇ ಇಲ್ಲದ ಜಾಗವೆನ್ನಲಾಗದು. ತೋಳಿನ ಭಂಗಿಗೆ ತಕ್ಕಂತೆ ಹರಿವು ಹೆಚ್ಚು ಕಡಿಮೆಯಾಗುವ ಜಾಗವೆನ್ನುವುದು ಸೂಕ್ತ.

ಆಯುರ್ವೇದದ ದೃಷ್ಟಿ

ಸುಶ್ರುತ ಸಂಹಿತೆಯಲ್ಲಿ ಅವಬಾಹುಕ ಎಂಬ ವ್ಯಾಧಿಯ ವರ್ಣನೆಯಿದೆ. ಹೆಗಲಿನಲ್ಲಿ ನೆಲೆಸಿದ ವಾಯುವು ಅಲ್ಲಿನ ಬಂಧನಗಳನ್ನು ಒಣಗಿಸಿ ಸಿರೆಗಳನ್ನು ಸಂಕೋಚಗೊಳಿಸುವುದರಿಂದ ಇದು ಉಂಟಾಗುತ್ತದೆಂದು ಆಚಾರ್ಯರು ತಿಳಿಸಿದ್ದಾರೆ. ಹೆಗಲಿನ ಬಿಗಿತವನ್ನು ಕೇವಲ ಕೀಲಿನ ದೋಷವೆನ್ನದೆ ಸಿರೆಗಳ ಸಂಕೋಚವನ್ನೂ ಕಾರಣವಾಗಿ ಎಣಿಸಿರುವುದು ಗಮನಾರ್ಹ.

ಸಂಹಿತೆಯ 107 ಮರ್ಮಗಳಲ್ಲಿ ಹೆಗಲಿಗೆ ಸಂಬಂಧಿಸಿದವು ಹಲವು. ಕತ್ತು ಮತ್ತು ತೋಳಿನ ನಡುವಿನ ಅಂಸ ಮರ್ಮಕ್ಕೆ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆ. ಬೆನ್ನಿನ ಮೇಲ್ಭಾಗದ ಅಂಸಫಲಕ ಮರ್ಮಕ್ಕೆ ಪೆಟ್ಟಾದರೆ ತೋಳು ಜೋಮು ಹಿಡಿದು ಬಡವಾಗುತ್ತದೆ. ಎದೆ ಮತ್ತು ಕಂಕುಳ ನಡುವೆ ಕಕ್ಷಧರ ಮರ್ಮ, ತೋಳಿನ ಬುಡದಲ್ಲಿ ಲೋಹಿತಾಕ್ಷ ಮರ್ಮ. ಲೋಹಿತಾಕ್ಷಕ್ಕೆ ಘಾತವಾದರೆ ರಕ್ತಕ್ಷಯದಿಂದ ಅಂಗವು ಶಕ್ತಿಗುಂದುವುದೆಂದು ಹೇಳಿದೆ. ಕಂಕುಳ ದೊಡ್ಡ ನಾಳವು ಹಾಯುವ ಪ್ರದೇಶವಿದು. ಮರ್ಮಸ್ಥಾನಗಳನ್ನು ಕಾಪಾಡಬೇಕೆಂಬ ಆಚಾರ್ಯರ ಎಚ್ಚರಿಕೆಯ ಹಿಂದೆ ಇಂಥ ಪ್ರತ್ಯಕ್ಷ ಜ್ಞಾನವಿದೆ.

ಪ್ರತಿಯೊಬ್ಬ ರೋಗಿಯನ್ನೂ ಪ್ರತ್ಯೇಕವಾಗಿ ನೋಡಿಯೇ ಔಷಧವನ್ನು ನಿರ್ಧರಿಸಬೇಕೆಂಬುದು ಚರಕಾಚಾರ್ಯರ ಉಪದೇಶ. ಪ್ರಕೃತಿ, ಬಲ, ವಯಸ್ಸುಗಳಂತೆ ರಕ್ತನಾಳಗಳ ದಾರಿಯೂ ವ್ಯಕ್ತಿಗತವೆಂದು ಇಂದಿನ ಶರೀರ ವಿಜ್ಞಾನ ತೋರಿಸುತ್ತಿದೆ. ನೆರೆಯವರಿಗೆ ಒಗ್ಗಿದ್ದು ತಮಗೆ ಒಗ್ಗದೆ ಹೋಗಲು ಇದೂ ಒಂದು ಕಾರಣವಾಗಬಹುದು.

ಸದ್ಭಕ್ತರು ಪಾಲಿಸಬೇಕಾದ ಕ್ರಮಗಳು

ಮೊದಲನೆಯದು ಮಾಲೀಸು. ಉಗುರುಬೆಚ್ಚಗಿನ ಮಹಾನಾರಾಯಣ ತೈಲ ಅಥವಾ ಎಳ್ಳೆಣ್ಣೆಯಿಂದ ಹೆಗಲಿನ ಹೊರಭಾಗಕ್ಕೆ ಮೃದುವಾಗಿ ಅಭ್ಯಂಗ ಮಾಡಿ ಬಿಸಿನೀರಿನ ಶಾಖ ಕೊಡುವುದು ಹಿತಕರ. ಆದರೆ ಕಂಕುಳ ಕುಳಿಯನ್ನೂ ಕೊರಳೆಲುಬಿನ ಮೇಲಿನ ತಗ್ಗನ್ನೂ ಬೆರಳಿನಿಂದ ಒತ್ತಿ ತಿಕ್ಕಬಾರದು. ಕಾಲಿನಿಂದ ತುಳಿಸುವುದು, ತೋಳನ್ನು ಝಾಡಿಸಿ ಎಳೆಸುವುದು ಸಲ್ಲದು. ಅವಬಾಹುಕಕ್ಕೆ ನಸ್ಯವನ್ನೂ ಊಟದ ನಂತರದ ಸ್ನೇಹಪಾನವನ್ನೂ ಶಾಸ್ತ್ರವು ಹೇಳಿದೆ. ಇವನ್ನು ವೈದ್ಯರ ಸಮಕ್ಷಮದಲ್ಲಿ ಮಾತ್ರ ಮಾಡಿಸಿಕೊಳ್ಳಬೇಕು.

ಎರಡನೆಯದು ತಪ್ಪಿದ ಹೆಗಲು. ಬಿದ್ದು ಕೀಲು ತಪ್ಪಿದ ವೃದ್ಧರ ತೋಳನ್ನು ಬಲವಂತವಾಗಿ ಎಳೆದು ಕೂರಿಸುವುದು ಅಪಾಯಕರ. ವಯಸ್ಸಾದವರ ನಾಳಗಳು ಗಡುಸಾಗಿರುತ್ತವೆ. ಕವಲುಗಳು ಅವನ್ನು ಎಲುಬಿನ ಬಳಿ ಕಟ್ಟಿಹಾಕಿದಂತೆ ಹಿಡಿದಿರುತ್ತವೆ. ಎಳೆತಕ್ಕೆ ನಾಳವು ಹರಿಯಬಹುದು. ಕಂಕುಳಲ್ಲಿ ಊತ ಏರುತ್ತಿದ್ದರೆ, ಕೈ ತಣ್ಣಗಾಗಿ ಬಿಳಿಚಿದರೆ, ಜೋಮು ಹಿಡಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆ ಎಂದು ಸುಮ್ಮನಿರಬಾರದು. ಮೇಲೆ ಹೇಳಿದ ಬಳಸುದಾರಿಯಿಂದಾಗಿ ಮುಖ್ಯ ನಾಳ ಹರಿದಿದ್ದರೂ ಕೆಲವರಲ್ಲಿ ನಾಡಿ ಸಿಗುತ್ತದೆ. ಈ ಒಂದು ಮಾತನ್ನು ಮನೆಯವರೆಲ್ಲ ನೆನಪಿಡಬೇಕೆಂದು ವಿನಂತಿಸುತ್ತೇವೆ.

ಮೂರನೆಯದು ರಕ್ತದೊತ್ತಡ. ಬಿ.ಪಿ.ಯನ್ನು ಮೊದಲ ಬಾರಿ ಪರೀಕ್ಷಿಸುವಾಗ ಎರಡೂ ತೋಳುಗಳಲ್ಲಿ ಅಳೆಯಿಸಬೇಕು. ಅಲ್ಪ ವ್ಯತ್ಯಾಸ ಸಾಮಾನ್ಯ. ಮತ್ತೆ ಮತ್ತೆ ಅಳೆದಾಗಲೂ ಮೇಲಿನ ಅಂಕೆಯಲ್ಲಿ 15ಕ್ಕಿಂತ ಹೆಚ್ಚು ಅಂತರ ಕಂಡರೆ ಒಂದು ಕಡೆಯ ನಾಳ ಕಿರಿದಾಗಿರಬಹುದು. ವೈದ್ಯರಿಗೆ ತಿಳಿಸಬೇಕು. ಮುಂದೆ ಹೆಚ್ಚು ಅಂಕೆ ಬರುವ ತೋಳಿನಲ್ಲಿಯೇ ಅಳೆಯಿಸುವುದು ಕ್ರಮ.

ನಾಲ್ಕನೆಯದು ವಿಶ್ರಾಂತಿಯ ಭಂಗಿ. ಹೆಗಲು ನೋವಿರುವವರು ಮಲಗುವಾಗ ತೋಳನ್ನು ಮೈಗೆ ಒತ್ತಿಕೊಳ್ಳದೆ ಪಕ್ಕೆಗೂ ತೋಳಿಗೂ ನಡುವೆ ಚಿಕ್ಕ ದಿಂಬನ್ನು ಇರಿಸಿಕೊಳ್ಳಬೇಕು. ನೋವಿನ ಮಗ್ಗುಲಿಗೆ ಮಲಗಬಾರದು. ಹಗಲಿನಲ್ಲಿ ಮುಂದಕ್ಕೆ ಬಾಗಿ ತೋಳನ್ನು ಸಡಿಲವಾಗಿ ಇಳಿಬಿಟ್ಟು ಗಡಿಯಾರದ ಲೋಲಕದಂತೆ ನಿಧಾನವಾಗಿ ತೂಗುವುದು ಒಳ್ಳೆಯ ವ್ಯಾಯಾಮ. ಇದನ್ನು ರೂಢಿಗೆ ತಂದವರೂ ಮೇಲೆ ಹೆಸರಿಸಿದ ಕಾಡ್‌ಮನ್ ಅವರೇ.

ಐದನೆಯದು ಪೂಜೆಯ ವೇಳೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಧರಿಸಿ ಬಹುಹೊತ್ತು ದೃಷ್ಟಿ ನಿಲ್ಲಿಸುವ ಹಿರಿಯರಿಗೆ ಎಡ ಹೆಗಲು ನೋಯುವುದುಂಟು. ಪೇಶಿಯು ಬಿಡುವಿಲ್ಲದೆ ಬಿಗಿದು ನಿಂತಾಗ ಅದರೊಳಗಿನ ಸೂಕ್ಷ್ಮನಾಳಗಳು ಅದುಮಲ್ಪಟ್ಟು ರಕ್ತದ ಹರಿವು ಕುಗ್ಗುತ್ತದೆ. ಮೊಣಕೈಗೆ ಆಸರೆ ಕೊಟ್ಟರೆ ಪೇಶಿ ಸಡಿಲಗೊಂಡು ಹರಿವು ಮರಳುತ್ತದೆ. ಯೋಗದಂಡವು ಧ್ಯಾನಕಾಲದಲ್ಲಿ ತೋಳಿಗೆ ಆಸರೆಯಾಗಿ ಬಳಕೆಗೆ ಬಂದ ಸಾಧನ. ಮನೆಯಲ್ಲಿ ಮಡಿಲ ಮೇಲೆ ಒಂದು ದಿಂಬನ್ನಿರಿಸಿಕೊಂಡರೂ ಸಾಕು. ಏಕಾಗ್ರತೆಗೆ ಭಂಗವಿಲ್ಲ, ಹೆಗಲಿಗೂ ಹಿತ. ಆದರೆ ನಡೆದಾಗ, ಶ್ರಮಪಟ್ಟಾಗ ಎಡ ಹೆಗಲು ನೋವಿನೊಡನೆ ಎದೆಬಿಗಿತ, ಬೆವರು, ಉಸಿರಾಟದ ತೊಂದರೆ ಕಂಡರೆ ಅದನ್ನು ಹೆಗಲಿನ ನೋವೆಂದು ಭಾವಿಸದೆ ಹೃದಯ ತಪಾಸಣೆಗೆ ಧಾವಿಸಬೇಕು.

ಯುವಕರಿಗೂ ಒಂದು ಮಾತು. ವಾಲಿಬಾಲ್ ಆಟದಲ್ಲಿ ತೋಳೆತ್ತಿ ಬಲವಾಗಿ ಹೊಡೆಯುವವರಲ್ಲಿ ಹಿಂಬಳಸು ನಾಳವು ಪದೇ ಪದೇ ಜಗ್ಗಿ ಉಬ್ಬಿಕೊಳ್ಳುವುದು, ಅಲ್ಲಿ ಹೆಪ್ಪುಗಟ್ಟಿದ ರಕ್ತದ ಕಣಗಳು ಬೆರಳುಗಳಿಗೆ ಇಳಿಯುವುದು ಕಂಡುಬಂದಿದೆ. ಹೊಡೆಯುವ ಕೈಯ ಬೆರಳುಗಳು ಆಗಾಗ ತಣ್ಣಗಾಗಿ ಬಣ್ಣಗೆಡುತ್ತಿದ್ದರೆ ಆಟ ನಿಲ್ಲಿಸಿ ರಕ್ತನಾಳಗಳ ಡಾಪ್ಲರ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ಜ್ಞಾನ ಬಂದದ್ದು ಎಲ್ಲಿಂದ?

ದೇಹದೇಹಗಳ ನಡುವಿನ ಈ ಭೇದವನ್ನು ಒಂದು ಶರೀರವನ್ನು ನೋಡಿ ತಿಳಿಯಲಾಗದು. ಹತ್ತು ಕಂಡವರಿಗೆ ಹತ್ತು ದಾರಿ ಗೊತ್ತು, ನೂರು ಕಂಡವರಿಗೆ ನೂರು. ಸುಶ್ರುತಾಚಾರ್ಯರು ಮೃತಶರೀರವನ್ನು ಹುಲ್ಲು ನಾರುಗಳಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಕುಂಚದಿಂದ ಮೆಲ್ಲಗೆ ತಿಕ್ಕುತ್ತ ಪದರ ಪದರವಾಗಿ ನೋಡುವ ವಿಧಾನವನ್ನು ಬರೆದಿಟ್ಟಿದ್ದಾರೆ. ಕಣ್ಣಾರೆ ಕಂಡದ್ದೂ ಶಾಸ್ತ್ರದಲ್ಲಿ ಓದಿದ್ದೂ ಕೂಡಿದಾಗಲೇ ವೈದ್ಯನ ಅರಿವು ಬೆಳೆಯುವುದೆಂಬುದು ಅವರ ಅಭಿಪ್ರಾಯ.

ಇಂದು ಆ ಅವಕಾಶವು ವಿದ್ಯಾರ್ಥಿಗಳಿಗೆ ದೊರೆಯುವುದು ದೇಹದಾನಿಗಳಿಂದ. ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯವೊಂದರಲ್ಲಿ ಶರೀರ ರಚನೆಯನ್ನು ಬೋಧಿಸುವ ವೈದ್ಯರು, ಸ್ವತಃ ವೈದ್ಯರಾಗಿದ್ದ ತಮ್ಮ ತಂದೆಯವರ ಕೊನೆಯ ಇಚ್ಛೆಯಂತೆ, ದಾನವಾಗಿ ಬಂದ ಅವರ ದೇಹವನ್ನು 2010ರಲ್ಲಿ ವಿದ್ಯಾರ್ಥಿಗಳೆದುರು ತಾವೇ ಛೇದಿಸಿ ಪಾಠ ಹೇಳಿದರು. ಇದು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದ ಸಂಗತಿ. ತಂದೆಗೆ ಮಗನು ಸಲ್ಲಿಸಬಹುದಾದ ಗೌರವದಲ್ಲಿ ಇದು ಕಡಿಮೆಯದೇನಲ್ಲ.

ನಮ್ಮ ಸಂಪ್ರದಾಯದಲ್ಲಿ ಲಿಂಗೈಕ್ಯರಾದವರ ಕಾಯವನ್ನು ಸಮಾಧಿ ಮಾಡುವುದು ರೂಢಿ. ಹಾಗಿರುವಾಗ ದೇಹದಾನ ಮಾಡಬಹುದೇ ಎಂದು ಕೆಲವರು ಸಂಕೋಚದಿಂದ ಕೇಳುತ್ತಾರೆ. ಕ್ರಿಯಾವಿಧಿಗಳ ಬಗ್ಗೆ ಪೂಜ್ಯರಿಂದ ಮಾರ್ಗದರ್ಶನ ಪಡೆಯಬೇಕು, ಅದು ನಮ್ಮ ಅಧಿಕಾರಕ್ಕೆ ಮೀರಿದ್ದು. ವೈದ್ಯರಾಗಿ ನಾವು ಹೇಳಬಹುದಾದದ್ದು ಇಷ್ಟೇ. ಇಚ್ಛೆಯುಳ್ಳವರು ಬದುಕಿರುವಾಗಲೇ ಹತ್ತಿರದ ವೈದ್ಯಕೀಯ ಅಥವಾ ಆಯುರ್ವೇದ ಮಹಾವಿದ್ಯಾಲಯದ ಶರೀರ ರಚನಾ ವಿಭಾಗದಲ್ಲಿ ಒಪ್ಪಿಗೆ ಪತ್ರ ಬರೆದುಕೊಟ್ಟು, ಅದರ ಪ್ರತಿಯನ್ನು ಮನೆಯಲ್ಲಿರಿಸಿ, ಮಕ್ಕಳಿಗೂ ಮನೆಯವರಿಗೂ ಸ್ಪಷ್ಟವಾಗಿ ತಿಳಿಸಿರಬೇಕು. ಕೊನೆಗಳಿಗೆಯಲ್ಲಿ ಒಪ್ಪಬೇಕಾದವರು ಅವರೇ.

ಕಾಯಕ ಮಾಡಿದ ತೋಳುಗಳು ಬದುಕಿರುವವರೆಗೆ ಸುಸ್ಥಿತಿಯಲ್ಲಿರಲಿ, ಇಷ್ಟಲಿಂಗವನ್ನು ಹಿಡಿದ ಕೈ ನೋವಿಲ್ಲದೆ ನಿಲ್ಲಲಿ ಎಂದು ಹಾರೈಸುತ್ತೇವೆ. ಹೆಗಲು ನೋವು ಮೂರು ವಾರಗಳಿಗೂ ಮೀರಿ ಉಳಿದರೆ, ಬಲ್ಲವರಿಂದ ತಮ್ಮ ಹೆಗಲನ್ನೇ ಪರೀಕ್ಷಿಸಿಕೊಂಡು, ತಮಗೆಂದೇ ಹೇಳಿದ ಚಿಕಿತ್ಸೆಯನ್ನು ಪಡೆಯಿರಿ.

ಶರಣು ಶರಣಾರ್ಥಿ.